ಆರೋಪದ ಅರಿವು, ವಕೀಲರ ನೆರವು: ಕ್ರಿಮಿನಲ್ ಪ್ರಕರಣದಲ್ಲಿ ಜೊತೆಜೊತೆಯಾಗಿ ನಿಲ್ಲುವ ಎರಡು ಹಕ್ಕುಗಳು

ಭಾರತ ಸಂವಿಧಾನದ 22(1)ನೇ ವಿಧಿಯು ಬಂಧಿತನಾದ ವ್ಯಕ್ತಿಗೆ ಎರಡು ಹಕ್ಕುಗಳನ್ನು ಒಟ್ಟಿಗೇ ಕೊಡುತ್ತದೆ. ತನ್ನನ್ನು ಯಾವ ಕಾರಣಕ್ಕಾಗಿ ಬಂಧಿಸಲಾಗಿದೆ ಎಂಬುದನ್ನು ಆದಷ್ಟು ಬೇಗ ತಿಳಿದುಕೊಳ್ಳುವುದು ಮೊದಲನೆಯದು. ತಾನೇ ಆರಿಸಿಕೊಂಡ ವಕೀಲರೊಡನೆ ಸಮಾಲೋಚಿಸಿ ಅವರ ಮೂಲಕ ತನ್ನ ಪರ ವಾದ ಮಂಡಿಸುವುದು ಎರಡನೆಯದು. ಇವೆರಡೂ ಒಂದೇ ವಿಧಿಯಲ್ಲಿ ಕೂಡಿ ಬಂದಿರುವುದು ಅರ್ಥಪೂರ್ಣವಾಗಿದೆ. ಆರೋಪವೇನೆಂದು ತಿಳಿಯದವನಿಗೆ ವಕೀಲರ ನೆರವು ಅರ್ಧ ಮಾತ್ರ ದಕ್ಕುತ್ತದೆ. ವಕೀಲರಿಲ್ಲದವನಿಗೆ ಆರೋಪದ ಪ್ರತಿ ಕೈಸೇರಿದರೂ ಅದರ ತಿರುಳು ದಕ್ಕುವುದಿಲ್ಲ. ಆದರೂ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಪಡಸಾಲೆಗಳಲ್ಲಿ, ತನ್ನ ಮೇಲಿರುವುದು ಯಾವ ಕಲಂ, ಅದಕ್ಕೆ ಎಷ್ಟು ಶಿಕ್ಷೆ, ಅದನ್ನು ಸಾಬೀತುಪಡಿಸಲು ಸರ್ಕಾರ ಏನೇನು ತೋರಿಸಬೇಕು ಎಂಬುದೊಂದೂ ಗೊತ್ತಿಲ್ಲದೆ, ಮುಂದಿನ ತಾರೀಖು ಯಾವುದೆಂದು ಮಾತ್ರ ಕೇಳಿಕೊಂಡು ಊರಿಗೆ ಮರಳುವ ಆರೋಪಿಗಳು ದಿನನಿತ್ಯ ಕಾಣಸಿಗುತ್ತಾರೆ. ಕಾನೂನು ಕೊಟ್ಟಿರುವ ರಕ್ಷಣೆಗಳಾವುವು, ಅವು ಪ್ರಕರಣದ ಯಾವ ಹಂತದಲ್ಲಿ ಬಳಕೆಗೆ ಬರುತ್ತವೆ, ಆರೋಪಿ ಮತ್ತು ವಕೀಲರ ನಡುವಿನ ಕೆಲಸ ಹೇಗೆ ಸಾಗಿದರೆ ಅವು ಫಲ ಕೊಡುತ್ತವೆ ಎಂಬುದರ ಸಮೀಕ್ಷೆಯೇ ಈ ಲೇಖನದ ಉದ್ದೇಶ.

ಹೊಸ ಸಂಹಿತೆಗಳು, ಹಳೆಯ ತತ್ವ

2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಜಾರಿಯಲ್ಲಿವೆ. ಯಾವುದು ಅಪರಾಧ, ಅದಕ್ಕೆ ಶಿಕ್ಷೆಯೇನು ಎಂಬುದನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯು 1860ರ ದಂಡ ಸಂಹಿತೆಯ ಸ್ಥಾನಕ್ಕೆ ಬಂದಿದೆ. ತನಿಖೆ, ಬಂಧನ, ಜಾಮೀನು ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನಕ್ಕೂ, ಸಾಕ್ಷ್ಯದ ನಿಯಮಗಳನ್ನು ಹೇಳುವ ಭಾರತೀಯ ಸಾಕ್ಷ್ಯ ಅಧಿನಿಯಮವು 1872ರ ಕಾಯ್ದೆಯ ಸ್ಥಾನಕ್ಕೂ ಬಂದಿವೆ. ಆ ದಿನಾಂಕಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ, ಇನ್ನೂ ಹಲವು ವರ್ಷ ನ್ಯಾಯಾಲಯಗಳಲ್ಲಿ ಎರಡು ಬಗೆಯ ಕಲಂ ಸಂಖ್ಯೆಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ. ಕೊಲೆಗೆ 302 ಎಂದು ಕೇಳಿ ರೂಢಿಯಾದವರು ಈಗ 103 ಎಂದು ಓದಬೇಕಾಗಿದೆ. ವಂಚನೆಯ 420 ಈಗ 318(4) ಆಗಿದೆ.

ಸಂಖ್ಯೆಗಳು ಬದಲಾದರೂ ತಳಹದಿಯ ತತ್ವ ಬದಲಾಗಿಲ್ಲ. ಪ್ರತಿಯೊಂದು ಅಪರಾಧವೂ ಕೆಲವು ಅಂಶಗಳಿಂದ ಕೂಡಿರುತ್ತದೆ, ಆ ಅಂಶಗಳನ್ನು ಒಂದೊಂದಾಗಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು, ಅಂದರೆ ಸರ್ಕಾರದ ಪರವಾಗಿ ಪ್ರಕರಣ ನಡೆಸುವವರದು. ವಂಚನೆಯ ಆರೋಪದಲ್ಲಿ ಹಣ ಮರಳಿ ಬಂದಿಲ್ಲ ಎಂಬುದಷ್ಟೇ ಸಾಲದು; ಹಣ ಪಡೆಯುವ ವೇಳೆಗೇ ಮೋಸದ ಉದ್ದೇಶವಿತ್ತು ಎಂಬುದನ್ನು ತೋರಿಸಬೇಕು. ಆ ಒಂದು ಅಂಶ ನಿಲ್ಲದಿದ್ದರೆ ಉಳಿಯುವುದು ಸಿವಿಲ್ ಸಾಲದ ವ್ಯಾಜ್ಯವೇ ಹೊರತು ಅಪರಾಧವಲ್ಲ. ಹೀಗಾಗಿ ಆರೋಪವನ್ನು ಅರ್ಥಮಾಡಿಕೊಳ್ಳುವುದೆಂದರೆ ಅದರ ಅಂಶಗಳನ್ನು ಬಿಡಿಸಿ ನೋಡುವುದೇ ಆಗಿದೆ, ಮತ್ತು ಆರೋಪಿ ಪರ ವಕೀಲರ ಕೆಲಸ ಶುರುವಾಗುವುದೂ ಅಲ್ಲಿಂದಲೇ.

ಮೂರು ದಾಖಲೆಗಳು, ಮೂರು ಹಂತಗಳು

ಸಾಮಾನ್ಯ ಮಾತಿನಲ್ಲಿ ಕೇಸು ಬಿತ್ತು ಎಂದಷ್ಟೇ ಹೇಳಲಾಗುವ ಸಂಗತಿಯಲ್ಲಿ ಮೂರು ಬೇರೆಬೇರೆ ದಾಖಲೆಗಳಿವೆ, ಮೂರಕ್ಕೂ ಬೇರೆಬೇರೆ ತೂಕವಿದೆ. ಮೊದಲನೆಯದು ಪ್ರಥಮ ವರ್ತಮಾನ ವರದಿ, ಎಂದರೆ ಎಫ್‌ಐಆರ್. ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದ ಅಪರಾಧ, ನಡೆದಿದೆ ಎಂದು ಮಾಹಿತಿ ಬಂದರೆ ಅದನ್ನು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಮೂರರಿಂದ ಏಳು ವರ್ಷಗಳೊಳಗಿನ ಶಿಕ್ಷೆಯ ಅಪರಾಧಗಳಲ್ಲಿ 14 ದಿನಗಳ ಪ್ರಾಥಮಿಕ ವಿಚಾರಣೆಗೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅವಕಾಶ ಕೊಟ್ಟಿದೆ. ಎಫ್‌ಐಆರ್ ಒಬ್ಬರ ಹೇಳಿಕೆಯ ದಾಖಲೆ ಮಾತ್ರ, ಸ್ವತಃ ಅದೇ ಪುರಾವೆಯಲ್ಲ. ಸೂಕ್ಷ್ಮ ಪ್ರಕರಣಗಳ ಹೊರತು ಉಳಿದವುಗಳಲ್ಲಿ ಅದನ್ನು ದಾಖಲಾದ 24 ಗಂಟೆಗಳೊಳಗೆ ಪೊಲೀಸ್ ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದರಿಂದ, ಆರೋಪಿಯ ಕಡೆಯವರು ಅದರ ಪ್ರತಿಗಾಗಿ ಠಾಣೆಯ ಬಾಗಿಲಲ್ಲಿ ಕಾಯಬೇಕಾಗಿಲ್ಲ.

ಎರಡನೆಯದು ತನಿಖೆ ಮುಗಿದ ಮೇಲೆ ಅದೇ ಸಂಹಿತೆಯ 193ನೇ ಕಲಮಿನಡಿ ತನಿಖಾಧಿಕಾರಿ ನ್ಯಾಯಾಲಯಕ್ಕೆ ಸಲ್ಲಿಸುವ ವರದಿ, ಅಂದರೆ ದೋಷಾರೋಪಣ ಪಟ್ಟಿ, ಜನರ ಬಾಯಲ್ಲಿ ಚಾರ್ಜ್‌ಶೀಟ್. ಪುರಾವೆ ಸಿಗದಿದ್ದರೆ ಅಥವಾ ದೂರು ಸುಳ್ಳೆಂದು ಕಂಡರೆ ಕರ್ನಾಟಕದಲ್ಲಿ ‘ಬಿ ರಿಪೋರ್ಟ್’ ಎಂದು ಕರೆಯಲಾಗುವ ಮುಕ್ತಾಯ ವರದಿ ಸಲ್ಲಿಕೆಯಾಗುತ್ತದೆ. ಚಾರ್ಜ್‌ಶೀಟಿನೊಂದಿಗೆ ಸಾಕ್ಷಿಗಳ ಹೇಳಿಕೆಗಳು, ಮಹಜರುಗಳು, ವೈದ್ಯರ ಹಾಗೂ ಪ್ರಯೋಗಾಲಯದ ವರದಿಗಳು ಇರುತ್ತವೆ. ಆರೋಪಿ ನ್ಯಾಯಾಲಯದ ಮುಂದೆ ಬಂದ 14 ದಿನಗಳೊಳಗೆ ಇವುಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕೆಂದು 230ನೇ ಕಲಂ ವಿಧಿಸುತ್ತದೆ. ಆರೋಪಿಯ ಪಾಲಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಕಡತ ಮತ್ತೊಂದಿಲ್ಲ.

ಮೂರನೆಯದು ನ್ಯಾಯಾಲಯವೇ ನಿಗದಿಪಡಿಸುವ ದೋಷಾರೋಪ. ಪೊಲೀಸರು ಬರೆದ ಕಲಮುಗಳಿಗೆ ನ್ಯಾಯಾಧೀಶರು ಕಟ್ಟುಬಿದ್ದಿಲ್ಲ. ಕಡತವನ್ನು ನೋಡಿ ಕೆಲವನ್ನು ಕೈಬಿಡಬಹುದು, ಬೇರೆಯದನ್ನು ಸೇರಿಸಬಹುದು. 234 ಮತ್ತು 235ನೇ ಕಲಮುಗಳಂತೆ ದೋಷಾರೋಪದಲ್ಲಿ ಅಪರಾಧದ ಹೆಸರು ಮತ್ತು ಕಲಂ ಇರಬೇಕು, ಕೃತ್ಯದ ಕಾಲ, ಸ್ಥಳ, ಯಾರ ವಿರುದ್ಧ ಅಥವಾ ಯಾವ ವಸ್ತುವಿನ ಕುರಿತು ಅದು ನಡೆಯಿತು ಎಂಬ ವಿವರಗಳಿರಬೇಕು, ಅದು ನ್ಯಾಯಾಲಯದ ಭಾಷೆಯಲ್ಲಿರಬೇಕು. ತೀರ್ಪು ಬರುವವರೆಗೂ ಇದನ್ನು ಬದಲಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಹಾಗೆ ಬದಲಿಸಿದಾಗ ಅದನ್ನು ಆರೋಪಿಗೆ ಓದಿ ವಿವರಿಸಬೇಕು, ಸಾಕ್ಷಿಗಳನ್ನು ಮತ್ತೆ ಕರೆಸಿ ಪ್ರಶ್ನಿಸಲು ಅವನಿಗೆ ಅವಕಾಶ ಕೊಡಬೇಕು.

ಬದುವಿನ ಜಗಳದ ಒಂದು ಎಫ್‌ಐಆರ್

ಕರ್ನಾಟಕದ ಗ್ರಾಮೀಣ ಠಾಣೆಗಳಲ್ಲಿ ಪದೇಪದೇ ಕಾಣುವ ಒಂದು ಮಾದರಿಯನ್ನು ಹತ್ತಿರದಿಂದ ನೋಡಿದರೆ ಮೇಲಿನ ಮಾತು ಸ್ಪಷ್ಟವಾಗುತ್ತದೆ. ಹೊಲದ ಬದುವಿನ ವಿಚಾರಕ್ಕೆ ಎರಡು ಮನೆಗಳ ನಡುವೆ ಜಗಳವಾಗಿ, ಒಬ್ಬರಿಗೆ ದೊಣ್ಣೆಯೇಟು ಬಿದ್ದು, ಅವರು ತಾಲ್ಲೂಕು ಆಸ್ಪತ್ರೆಗೆ ದಾಖಲಾಗಿ ದೂರು ಕೊಟ್ಟರೆ, ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ನ್ಯಾಯ ಸಂಹಿತೆಯ 126(2), 115(2), 118(1), 352, 351(2) ಮತ್ತು 3(5) ಎಂಬ ಕಲಮುಗಳ ಸಾಲು ಕಾಣುತ್ತದೆ. ಅಂಕಿಗಳ ಈ ಸಾಲು ಭಯ ಹುಟ್ಟಿಸುವಂತಿದ್ದರೂ ಬಿಡಿಸಿ ನೋಡಿದರೆ ಪ್ರತಿಯೊಂದೂ ಒಂದು ನಿರ್ದಿಷ್ಟ ಸಂಗತಿಯನ್ನು ಹೇಳುತ್ತದೆ. 126(2) ದಾರಿಗೆ ಅಡ್ಡಗಟ್ಟಿದ್ದು, 115(2) ಸಾದಾ ಗಾಯ ಮಾಡಿದ್ದು, 352 ಶಾಂತಿ ಕದಡುವಂತೆ ಪ್ರಚೋದಿಸಲು ಉದ್ದೇಶಪೂರ್ವಕವಾಗಿ ಅವಮಾನಿಸಿದ್ದು, 351(2) ಬೆದರಿಕೆ ಹಾಕಿದ್ದು. ಸಾದಾ ಗಾಯಕ್ಕೆ ಗರಿಷ್ಠ ಒಂದು ವರ್ಷದ ಸೆರೆಯಿದ್ದರೆ, ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದನ್ನು ಹೇಳುವ 118(1)ಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಹಾಗಾಗಿ ದೊಣ್ಣೆ ಎಂಬ ಒಂದೇ ವಸ್ತುವಿನ ಮೇಲೆ ಪ್ರಕರಣದ ಗಾತ್ರ ನಿಂತಿರುತ್ತದೆ: ಅದು ಸಾವು ತರಬಲ್ಲ ಆಯುಧದಂತಿತ್ತೇ, ಅದನ್ನು ಪಂಚರ ಸಮಕ್ಷಮ ಮಹಜರಿನಲ್ಲಿ ವಶಪಡಿಸಿಕೊಳ್ಳಲಾಗಿದೆಯೇ, ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆದಿರುವ ಗಾಯ ಅಂಥ ದೊಣ್ಣೆಯಿಂದ ಆಗುವಂಥದೇ ಎಂಬ ಪ್ರಶ್ನೆಗಳೇ ವಕೀಲರು ಮೊದಲು ಎತ್ತುವ ಪ್ರಶ್ನೆಗಳು.

ಅದೇ ಗಾಯದ ಪ್ರಮಾಣಪತ್ರದಲ್ಲಿ ಮೂಳೆ ಮುರಿದಿದೆ ಅಥವಾ ಹಲ್ಲು ಮುರಿದಿದೆ ಎಂದಿದ್ದರೆ, 116ನೇ ಕಲಮಿನ ಅರ್ಥದಲ್ಲಿ ಅದು ತೀವ್ರ ಗಾಯವಾಗಿ, ಶಿಕ್ಷೆ 117(2)ರಡಿ ಏಳು ವರ್ಷದವರೆಗೆ ಏರುತ್ತದೆ. ಎಕ್ಸ್‌ರೇ ಇಲ್ಲದೆ ಬರೆದ ಮೂಳೆ ಮುರಿತ, ಘಟನೆ ನಡೆದ ಎರಡು ದಿನಗಳ ನಂತರದ ಆಸ್ಪತ್ರೆ ದಾಖಲಾತಿ, ಆಸ್ಪತ್ರೆಯಲ್ಲಿ ಬಿದ್ದು ಗಾಯವಾಯಿತೆಂದು ಹೇಳಿ ಠಾಣೆಯಲ್ಲಿ ಹೊಡೆದರೆಂದು ಹೇಳಿದ ಹೇಳಿಕೆ, ಇಂಥ ವಿವರಗಳು ಕಡತದಲ್ಲಿಯೇ ಇರುತ್ತವೆ, ಆದರೆ ಓದಿದವರಿಗೆ ಮಾತ್ರ ಕಾಣುತ್ತವೆ. ಕೊನೆಯ 3(5) ಬೇರೆಯದೇ ಅಪರಾಧವಲ್ಲ. ಹಲವರು ಸಮಾನ ಉದ್ದೇಶದಿಂದ ಸೇರಿ ಮಾಡಿದ ಕೃತ್ಯಕ್ಕೆ ಪ್ರತಿಯೊಬ್ಬರೂ ಹೊಣೆ ಎಂಬ ತತ್ವವದು. ಹೊಡೆದವನೊಬ್ಬನಾದರೂ ಎ1ರಿಂದ ಎ5ರವರೆಗೆ, ಅಂದರೆ ಒಂದನೆಯ ಆರೋಪಿಯಿಂದ ಐದನೆಯ ಆರೋಪಿಯವರೆಗೆ, ತಂದೆ, ತಾಯಿ, ತಮ್ಮ, ಸೊಸೆ ಎಲ್ಲರ ಹೆಸರೂ ಸೇರಲು ಈ ಕಲಂ ದಾರಿ ಮಾಡಿಕೊಡುತ್ತದೆ. ಅವರಲ್ಲಿ ಯಾರು ಸ್ಥಳದಲ್ಲಿದ್ದರು, ಇದ್ದವರು ಏನು ಮಾಡಿದರು, ಸಮಾನ ಉದ್ದೇಶ ಯಾವ ಮಾತಿನಿಂದ ಅಥವಾ ಕೃತ್ಯದಿಂದ ತಿಳಿಯಿತು ಎಂಬುದನ್ನು ಒಬ್ಬೊಬ್ಬರ ಮಟ್ಟಿಗೆ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಎದುರು ಪಕ್ಷದ ಮೇಲೆಯೂ ಪ್ರತಿದೂರು ದಾಖಲಾಗಿದ್ದರೆ, ಎರಡೂ ಪ್ರಕರಣಗಳನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೆ ಒಂದರಂತೆ ವಿಚಾರಿಸಿ ತೀರ್ಪು ಕೊಡಬೇಕೆಂದು ಸುಪ್ರೀಂ ಕೋರ್ಟ್ 1990ರ ನಾಥಿ ಲಾಲ್ ಪ್ರಕರಣದಲ್ಲಿ ಹೇಳಿದೆ. ಒಂದು ಕಡೆಯ ಕಡತವನ್ನು ಮಾತ್ರ ನೋಡಿದ ವಕೀಲರಿಗೆ ಜಗಳದ ಅರ್ಧ ಮಾತ್ರ ತಿಳಿದಿರುತ್ತದೆ.

ಬಂಧನ ಮತ್ತು ಮೊದಲ ದಿನಗಳು

ಪ್ರಕರಣದ ಗತಿಯನ್ನು ಬಹುಪಾಲು ನಿರ್ಧರಿಸುವುದು ಮೊದಲ ಕೆಲವು ದಿನಗಳು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ನಡೆಯಕೂಡದು, ಅದರ ಅಗತ್ಯಕ್ಕೆ ಕಾರಣಗಳನ್ನು ದಾಖಲಿಸಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಬಂಧಿಸುವ ಅಗತ್ಯವಿಲ್ಲದಿದ್ದಾಗ ಹಾಜರಾಗಲು ನೋಟಿಸ್ ನೀಡುವ ಕ್ರಮ ಈಗ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಲ್ಲಿದೆ. ನೋಟಿಸಿನಂತೆ ಹಾಜರಾಗುತ್ತಿರುವವರನ್ನು ದಾಖಲಿಸಿದ ಕಾರಣವಿಲ್ಲದೆ ಬಂಧಿಸುವಂತಿಲ್ಲವಾದ್ದರಿಂದ, ಅದನ್ನು ಕಡೆಗಣಿಸಿ ತಲೆಮರೆಸಿಕೊಳ್ಳುವುದು ಆರೋಪಿ ತನಗೆ ತಾನೇ ಮಾಡಿಕೊಳ್ಳುವ ಹಾನಿ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಅಶಕ್ತರನ್ನೂ 60 ವರ್ಷ ಮೀರಿದವರನ್ನೂ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಬಂಧಿಸಬಾರದೆಂಬ ನಿಯಮವೂ ಹೊಸದಾಗಿ ಸೇರಿದೆ.

ಬಂಧನವಾದರೆ ಅದರ ಕಾರಣಗಳನ್ನು ತಿಳಿಸುವುದು ಕಡ್ಡಾಯ. 2023ರ ಪಂಕಜ್ ಬನ್ಸಲ್ ಮತ್ತು 2024ರ ಪ್ರಬೀರ್ ಪುರಕಾಯಸ್ಥ ತೀರ್ಪುಗಳು ವಿಶೇಷ ಕಾಯ್ದೆಗಳಡಿ ಅವು ಲಿಖಿತವಾಗಿಯೇ ಇರಬೇಕೆಂದವು. 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕಾರಣಗಳನ್ನು ಬರೆದುಕೊಡಬೇಕೆಂದಿತು. ಮುಂಬೈಯಲ್ಲಿ ಬಂಧಿತನಾದ ಕನ್ನಡಿಗನಿಗೂ ಬೆಂಗಳೂರಿನಲ್ಲಿ ಬಂಧಿತನಾದ ಒಡಿಯಾ ಕಾರ್ಮಿಕನಿಗೂ ಈ ತೀರ್ಪು ಸಮಾನವಾಗಿ ಉಪಯುಕ್ತ. ಬಂಧಿತನನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪೊಲೀಸ್ ವಿಚಾರಣೆಯ ವೇಳೆ, ಇಡೀ ಅವಧಿಗಲ್ಲದಿದ್ದರೂ, ತನ್ನ ವಕೀಲರನ್ನು ಭೇಟಿಯಾಗುವ ಹಕ್ಕು ಅದೇ ಸಂಹಿತೆಯ 38ನೇ ಕಲಮಿನಲ್ಲಿದೆ.

ಈ ಹಂತದಲ್ಲಿ ಬಾಯಿ ಮತ್ತು ಸಹಿ ಎರಡರ ಬಗೆಗೂ ಎಚ್ಚರ ಬೇಕು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬುದು ಸಂವಿಧಾನದ 20(3)ನೇ ವಿಧಿ. ಆ ಹಕ್ಕು ಪೊಲೀಸ್ ವಿಚಾರಣೆಯಲ್ಲಿಯೂ ಉಂಟೆಂದು 1978ರ ನಂದಿನಿ ಸತ್ಪತಿ ತೀರ್ಪು ಹೇಳಿದರೆ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಕರ್ನಾಟಕದಿಂದಲೇ ಹೋದ 2010ರ ಸೆಲ್ವಿ ಪ್ರಕರಣದಲ್ಲಿ ತೀರ್ಮಾನವಾಯಿತು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲವೆಂದು ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಆದರೆ ಅದೇ ಕಲಮಿನ ವಿನಾಯಿತಿಯಂತೆ, ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ ಆ ಮಟ್ಟಿಗಿನ ಮಾತು ಸಾಕ್ಷ್ಯವಾಗುತ್ತದೆ. ಕರ್ನಾಟಕದ ಕಡತಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ತಲೆಬರಹದಡಿ ಪುಟಗಟ್ಟಲೆ ಬರುವ ದಾಖಲೆಯ ಬಹುಭಾಗ ನ್ಯಾಯಾಲಯದಲ್ಲಿ ನಿಲ್ಲದಿದ್ದರೂ ಅದರ ಒಂದೆರಡು ಸಾಲು ನಿಲ್ಲಬಹುದು ಎಂಬುದಕ್ಕೆ ಇದೇ ಕಾರಣ. ಖಾಲಿ ಹಾಳೆಗೆ, ಓದಿ ಹೇಳದ ಬರಹಕ್ಕೆ ಸಹಿ ಹಾಕಬಾರದೆಂಬ ಹಳೆಯ ಬುದ್ಧಿಮಾತಿಗೆ ಇಲ್ಲಿ ಕಾನೂನಿನ ಬಲವಿದೆ.

ಜಾಮೀನಿನ ಪ್ರಶ್ನೆಯೂ ಈ ಹೊತ್ತಿಗೇ ಬರುತ್ತದೆ. ಜಾಮೀನಿಗೆ ಅರ್ಹವಾದ ಅಪರಾಧಗಳಲ್ಲಿ ಅದು ಹಕ್ಕು. ಉಳಿದವುಗಳಲ್ಲಿ ನ್ಯಾಯಾಲಯದ ವಿವೇಚನೆ. ಬಂಧನದ ಭೀತಿಯಿದ್ದಾಗ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಿನಡಿ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿಗೆ ಹೋಗಬಹುದು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಪ್ರಕರಣಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನಗಳೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಬಂಧನದಲ್ಲಿರುವವರಿಗೆ ಜಾಮೀನು ತಾನಾಗಿ ಹಕ್ಕಾಗುತ್ತದೆ, ಆದರೆ ಚಾರ್ಜ್‌ಶೀಟ್ ಸಲ್ಲಿಕೆಯಾಗುವ ಮೊದಲೇ ಅದನ್ನು ಕೇಳಿಕೊಳ್ಳಬೇಕು. ದಿನ ಎಣಿಸುವ ವಕೀಲರಿಲ್ಲದ ಬಡ ಕೈದಿಗೆ ಈ ಹಕ್ಕು ಕೈತಪ್ಪುವುದು ಹೀಗೆಯೇ.

ವಕೀಲರ ನೆರವು ಹಕ್ಕಾದ ಬಗೆ

ಖರ್ಚು ಭರಿಸಲಾಗದವರಿಗೆ ವಕೀಲರನ್ನು ಒದಗಿಸುವುದು ದಯೆಯ ಮಾತಾಗಿ ಉಳಿಯದೆ ಹಕ್ಕಾದದ್ದು ಸುಪ್ರೀಂ ಕೋರ್ಟಿನ ತೀರ್ಪುಗಳ ಒಂದು ಸರಣಿಯಿಂದ. 1978ರ ಹೊಸ್ಕೋಟ್ ಪ್ರಕರಣ ಮತ್ತು ಬಿಹಾರದ ವಿಚಾರಣಾಧೀನ ಕೈದಿಗಳ ದುಃಸ್ಥಿತಿಯಿಂದ ಹುಟ್ಟಿದ 1979ರ ಹುಸೇನಾರಾ ಖಾತೂನ್ ಪ್ರಕರಣ ಉಚಿತ ಕಾನೂನು ನೆರವನ್ನು 21ನೇ ವಿಧಿಯ ನ್ಯಾಯಯುತ ಪ್ರಕ್ರಿಯೆಯ ಭಾಗವೆಂದವು. ಭಾಗಲ್ಪುರದಲ್ಲಿ ಬಂಧಿತರನ್ನು ಕುರುಡಾಗಿಸಿದ ಕ್ರೌರ್ಯಕ್ಕೆ ಸಂಬಂಧಿಸಿದ, 1981ರಲ್ಲಿ ವರದಿಯಾದ ಖತ್ರಿ ಪ್ರಕರಣವು ಆ ಹಕ್ಕು ಮ್ಯಾಜಿಸ್ಟ್ರೇಟರ ಮುಂದೆ ಮೊದಲು ಹಾಜರಾಗುವ ಕ್ಷಣದಿಂದಲೇ ಇದೆಯೆಂದು ಹೇಳಿತು. 1986ರ ಸುಖ್ ದಾಸ್ ತೀರ್ಪು, ಆರೋಪಿ ಕೇಳಲಿಲ್ಲ ಎಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ ಎಂದಿತು. 2012ರ ಕಸಬ್ ತೀರ್ಪು ಈ ಹಕ್ಕನ್ನು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯವೆಂದು ಸಾರಿತು. 2019ರ ಅನೋಖಿಲಾಲ್ ಪ್ರಕರಣದಲ್ಲಿ, ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ನಿಗದಿಪಡಿಸಿ ಕೆಲವೇ ದಿನಗಳಲ್ಲಿ ಮರಣದಂಡನೆ ವಿಧಿಸಿದ್ದನ್ನು ಕಂಡ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿ, ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಿಗೆ ಕನಿಷ್ಠ ಹತ್ತು ವರ್ಷದ ಅನುಭವವುಳ್ಳ ವಕೀಲರನ್ನು ನೇಮಿಸಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಏಳು ದಿನಗಳಾದರೂ ಇರಬೇಕು ಎಂದು ವಿಧಿಸಿತು. ಹೆಸರಿಗೊಬ್ಬ ವಕೀಲರಿದ್ದರೆ ಸಾಲದು, ಆ ನೆರವಿನಲ್ಲಿ ಹುರುಳಿರಬೇಕು ಎಂಬುದು ಈ ಸರಣಿಯ ಒಟ್ಟು ನಿಲುವು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ಬಂಧನದಲ್ಲಿರುವ ಯಾರೇ ಆಗಲಿ, ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು; ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿಯಿದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕಿನಲ್ಲಿ ಅದರ ಸಮಿತಿ ಇದೆ. 15100 ರಾಷ್ಟ್ರೀಯ ಸಹಾಯವಾಣಿ. ಆರೋಪಿಗಳ ಪರ ಕೆಲಸವನ್ನೇ ಪೂರ್ಣಾವಧಿಯಾಗಿ ಮಾಡುವ ವಕೀಲರ ಕಚೇರಿಗಳನ್ನು 2022ರ ಯೋಜನೆಯಡಿ ಜಿಲ್ಲೆಗಳಲ್ಲಿ ತೆರೆಯಲಾಗುತ್ತಿದೆ. ಉಚಿತ ನೆರವೆಂದರೆ ಕಳಪೆ ನೆರವೆಂದು ಭಾವಿಸಿ ಒಡವೆ ಅಡವಿಟ್ಟು ವಕೀಲರನ್ನು ಹುಡುಕುವ ಕುಟುಂಬಗಳಿಗೆ ಈ ವ್ಯವಸ್ಥೆಯ ಪರಿಚಯ ಇನ್ನೂ ಆಗಬೇಕಾಗಿದೆ.

ಆರೋಪಿ ಮತ್ತು ವಕೀಲರ ನಡುವೆ

ಆರೋಪಿ ಮತ್ತು ವಕೀಲರ ಸಂಬಂಧ ವಕಾಲತ್ತಿನೊಂದಿಗೆ, ಅಂದರೆ ತನ್ನ ಪರವಾಗಿ ನಡೆಸಲು ಅಧಿಕಾರ ಕೊಡುವ ಸಹಿ ಮಾಡಿದ ಪತ್ರದೊಂದಿಗೆ, ಶುರುವಾಗುತ್ತದೆ. ಇದರ ಜೀವಾಳ ಗೋಪ್ಯತೆ. ಕಕ್ಷಿದಾರ ವಕೀಲರಿಗೆ ವೃತ್ತಿಯ ನಿಮಿತ್ತ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲವೆಂದು ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುತ್ತದೆ. ಕಾನೂನುಬಾಹಿರ ಉದ್ದೇಶವನ್ನು ಮುಂದುವರಿಸಲು ಆಡಿದ ಮಾತಿಗೆ ಮತ್ತು ವಕಾಲತ್ತು ವಹಿಸಿಕೊಂಡ ಮೇಲೆ ನಡೆಯುವ ಅಪರಾಧಕ್ಕೆ ಈ ರಕ್ಷಣೆಯಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಕ್ಷಿದಾರನ ಮಾಹಿತಿ ತಿಳಿಯಲು ತನಿಖಾಧಿಕಾರಿಗಳು ವಕೀಲರಿಗೆ ಸಮನ್ಸ್ ಕೊಡಕೂಡದು, ಈ ವಿನಾಯಿತಿಗಳಡಿ ಕೊಡುವುದಾದರೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಲಿಖಿತ ಒಪ್ಪಿಗೆ ಬೇಕು ಎಂದು ಹೇಳಿ ಈ ಗೋಡೆಯನ್ನು ಇನ್ನಷ್ಟು ಭದ್ರಪಡಿಸಿತು. ಈ ರಕ್ಷಣೆಯಿರುವುದೇ ಆರೋಪಿ ಸತ್ಯವನ್ನು ಪೂರ್ತಿಯಾಗಿ ಹೇಳಲೆಂದು. ತನಗೆ ಪ್ರತಿಕೂಲವಾದ ಸಂಗತಿಯನ್ನು, ಹಳೆಯ ಪ್ರಕರಣವನ್ನು, ದೂರುದಾರರಿಗೆ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ಮುಚ್ಚಿಟ್ಟರೆ, ಅದು ಹೇಗೂ ಸಾಕ್ಷಿಕಟ್ಟೆಯಲ್ಲಿ ಹೊರಬರುತ್ತದೆ, ಆಗ ವಕೀಲರಿಗೆ ಸಾವರಿಸಿಕೊಳ್ಳಲು ಸಮಯವಿರುವುದಿಲ್ಲ. ಆದ್ದರಿಂದ ಮೊದಲ ಭೇಟಿಗೆ ಹೋಗುವಾಗ ಎಫ್‌ಐಆರ್ ಪ್ರತಿ, ಘಟನೆಯ ದಿನಾಂಕವಾರು ವಿವರ, ಸ್ಥಳದಲ್ಲಿದ್ದವರ ಹೆಸರು, ಜಮೀನಿನ ವ್ಯಾಜ್ಯವಾದರೆ ಪಹಣಿ ಮತ್ತು ಸರ್ವೆ ನಕ್ಷೆ, ಸಿಸಿಟಿವಿ ದೃಶ್ಯವಿರುವ ಕಡೆಯ ಮಾಹಿತಿ ಒಯ್ಯುವುದು ಅಗತ್ಯ; ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ ಅವನ್ನು ಉಳಿಸಿಕೊಳ್ಳುವಂತೆ ಕೂಡಲೇ ಅರ್ಜಿ ಕೊಡಬೇಕಾಗುತ್ತದೆ.

ವಕೀಲರ ಕಡೆಯಿಂದಲೂ ಕರ್ತವ್ಯಗಳಿವೆ. ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂಬ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು, ಸಾಕಷ್ಟು ಪುರಾವೆಯಿಲ್ಲದೆ ಯಾರಿಗೂ ಶಿಕ್ಷೆಯಾಗಬಾರದೆಂಬ ನಿಷ್ಠೆಯಿಂದ ವಾದಿಸಬೇಕೆಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಪ್ರಕರಣದ ಫಲಿತಾಂಶಕ್ಕೆ ಗಂಟುಹಾಕಿದ ಶುಲ್ಕವನ್ನು ಅದೇ ನಿಯಮಗಳು ನಿಷೇಧಿಸುತ್ತವೆಯಾದ್ದರಿಂದ, ಖುಲಾಸೆಯ ಭರವಸೆ ಕೊಟ್ಟು ಹಣ ಕೇಳುವವರಿಂದ ದೂರವಿರುವುದು ಲೇಸು. ಯಾವ ಹಂತಕ್ಕೆ ಎಷ್ಟು ಶುಲ್ಕ, ಜಾಮೀನು ಅರ್ಜಿ ಮತ್ತು ವಿಚಾರಣೆ ಬೇರೆಬೇರೆಯೇ, ಪಾಟೀಸವಾಲು ಯಾರು ಮಾಡುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಂಡು ರಸೀದಿ ಪಡೆಯುವುದು ಇಬ್ಬರಿಗೂ ಹಿತ. ಒಂದೇ ಪ್ರಕರಣದ ಹಲವು ಆರೋಪಿಗಳು ಒಬ್ಬರೇ ವಕೀಲರನ್ನು ಇಟ್ಟುಕೊಳ್ಳುವುದು ಖರ್ಚು ಉಳಿಸಿದರೂ, ಸ್ಥಳದಲ್ಲಿರಲಿಲ್ಲ ಎನ್ನುವ ಎ3 ಮತ್ತು ಆತ್ಮರಕ್ಷಣೆಗಾಗಿ ಹೊಡೆದೆ ಎನ್ನುವ ಎ1ರ ಹಿತ ಒಂದೇ ಆಗಿರುವುದಿಲ್ಲ. ಅಂಥಲ್ಲಿ ಬೇರೆ ವಕೀಲರೇ ಬೇಕು. ನಂಬಿಕೆ ಉಳಿಯದಿದ್ದರೆ ವಕೀಲರನ್ನು ಬದಲಿಸುವ ಹಕ್ಕು ಕಕ್ಷಿದಾರನಿಗೆ ಇದ್ದೇ ಇದೆ.

ಇಡೀ ಊರೇ ಒಬ್ಬ ಆರೋಪಿಯನ್ನು ದ್ವೇಷಿಸುವಾಗ ಈ ಕರ್ತವ್ಯದ ನಿಜವಾದ ಪರೀಕ್ಷೆ ನಡೆಯುತ್ತದೆ. ಇಂಥವರ ಪರ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘಗಳು ಕೈಗೊಳ್ಳುವ ನಿರ್ಣಯಗಳು ಕಾನೂನುಬಾಹಿರವೆಂದು ತಮಿಳುನಾಡಿನ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥ ನಿರ್ಣಯ ಬಂದಾಗ ಕರ್ನಾಟಕ ಹೈಕೋರ್ಟ್ ಅದನ್ನು ತೀವ್ರವಾಗಿ ಆಕ್ಷೇಪಿಸಿತು. ಜನರಿಗೆ ಬೇಡವಾದ ಆರೋಪಿಗೂ ವಕೀಲರು ಸಿಗುವ ಊರಿನಲ್ಲಿ ಮಾತ್ರ ನಾಳೆ ಸುಳ್ಳು ಆರೋಪಕ್ಕೆ ಸಿಲುಕಿದವರಿಗೂ ವಕೀಲರು ಸಿಗುತ್ತಾರೆ.

ದೋಷಾರೋಪ ನಿಗದಿಯ ಹಂತ

ಚಾರ್ಜ್‌ಶೀಟ್ ಬಂದ ಮೇಲೆ ವಿಚಾರಣೆಗೆ ಮೊದಲೇ ಪ್ರಕರಣ ಮುಗಿಯಬಹುದಾದ ದಾರಿಗಳಿವೆ. ಕಡತದಲ್ಲಿರುವುದೆಲ್ಲ ನಿಜವೆಂದುಕೊಂಡರೂ ಅಪರಾಧದ ಅಂಶಗಳು ಕೂಡಿಬರದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡುವಂತೆ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ಗಂಭೀರ ಸಂಶಯಕ್ಕೂ ಬರಿಯ ಸಂಶಯಕ್ಕೂ ಇರುವ ಅಂತರವನ್ನು ನ್ಯಾಯಾಧೀಶರು ಈ ಹಂತದಲ್ಲಿ ತೂಗಿ ನೋಡಬೇಕೆಂದು 1979ರಲ್ಲಿ ವರದಿಯಾದ ಪ್ರಫುಲ್ಲ ಕುಮಾರ್ ಸಮಲ್ ತೀರ್ಪು ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಪ್ರಕರಣವನ್ನೇ ರದ್ದುಪಡಿಸುವಂತೆ ಹೈಕೋರ್ಟನ್ನು ಕೇಳಬಹುದು; ಅದಕ್ಕೆ ಯೋಗ್ಯವಾದ ಸಂದರ್ಭಗಳನ್ನು 1992ರಲ್ಲಿ ವರದಿಯಾದ ಭಜನ್ ಲಾಲ್ ತೀರ್ಪು ಪಟ್ಟಿ ಮಾಡಿದೆ. ಸಾದಾ ಹಲ್ಲೆ, ಅಡ್ಡಗಟ್ಟುವಿಕೆಯಂಥ ಅಪರಾಧಗಳಲ್ಲಿ ಗಾಯಗೊಂಡವರು ಒಪ್ಪಿದರೆ ರಾಜಿಯಾಗಬಹುದು. ಏಳು ವರ್ಷದವರೆಗಿನ ಶಿಕ್ಷೆಯ ಕೆಲವು ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ಚೌಕಾಸಿಗೆ, ಅಂದರೆ ಪ್ಲೀ ಬಾರ್ಗೇನಿಂಗ್‌ಗೆ, ದೋಷಾರೋಪ ನಿಗದಿಯಾದ 30 ದಿನಗಳೊಳಗೆ ಅರ್ಜಿ ಹಾಕಬಹುದಾದರೂ, ಮಹಿಳೆಯರ ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ.

ಇವು ಯಾವುವೂ ಆಗದಿದ್ದರೆ ನ್ಯಾಯಾಧೀಶರು ದೋಷಾರೋಪವನ್ನು ಓದಿ ಹೇಳಿ, ಒಪ್ಪುವೆಯಾ ಎಂದು ಕೇಳುತ್ತಾರೆ. ಬೇಗ ಮುಗಿದರೆ ಸಾಕೆಂದು ದಂಡ ಕಟ್ಟಿ ಹೋಗುವ ಆಸೆಯಿಂದ ಕೆಲವರು ಒಪ್ಪಿಬಿಡುತ್ತಾರೆ. ಆದರೆ ಹಾಗೆ ಒಪ್ಪಿದ್ದು ಅಪರಾಧ ನಿರ್ಣಯವಾಗಿ ದಾಖಲಾಗಿ, ಮುಂದೆ ಸರ್ಕಾರಿ ನೌಕರಿ, ಪಾಸ್‌ಪೋರ್ಟ್, ವಿದೇಶಿ ವೀಸಾಗಳಿಗೆ ತೊಡಕಾಗಬಹುದೆಂಬುದನ್ನು ವಕೀಲರು ಮೊದಲೇ ಬಿಡಿಸಿ ಹೇಳಬೇಕು, ಆರೋಪಿಯೂ ಅದನ್ನು ಕೇಳಿ ತಿಳಿದುಕೊಳ್ಳಬೇಕು.

ವಿಚಾರಣೆ ಮತ್ತು ಆರೋಪಿಯ ಪಾತ್ರ

ವಿಚಾರಣೆಯಲ್ಲಿ ಸಾಕ್ಷಿಗಳ ಮುಖ್ಯ ವಿಚಾರಣೆಯನ್ನು ಸರ್ಕಾರಿ ಅಭಿಯೋಜಕರು ನಡೆಸಿದರೆ, ಪಾಟೀಸವಾಲನ್ನು ಆರೋಪಿ ಪರ ವಕೀಲರು ನಡೆಸುತ್ತಾರೆ. ಪೊಲೀಸರ ಮುಂದಿನ ಹೇಳಿಕೆಯಲ್ಲಿ ಇಲ್ಲದ್ದನ್ನು ನ್ಯಾಯಾಲಯದಲ್ಲಿ ಹೊಸದಾಗಿ ಹೇಳಿದರೆ ಅದನ್ನು ಎತ್ತಿ ತೋರಿಸುವುದು, ಮಹಜರಿನ ಪಂಚರು ನಿಜವಾಗಿ ಸ್ಥಳದಲ್ಲಿದ್ದರೇ ಎಂದು ಪರೀಕ್ಷಿಸುವುದು ಈ ಕಲೆಯ ಪಾಠಗಳು. ಸಾಂದರ್ಭಿಕ ಸಾಕ್ಷ್ಯವನ್ನೇ ನೆಚ್ಚಿದ ಪ್ರಕರಣದಲ್ಲಿ ಸರಪಣಿಯ ಎಲ್ಲ ಕೊಂಡಿಗಳೂ ಕೂಡಿ ಆರೋಪಿಯ ತಪ್ಪನ್ನಲ್ಲದೆ ಬೇರೇನನ್ನೂ ತೋರಿಸದಂತಿರಬೇಕೆಂದು 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು ಹಾಕಿಕೊಟ್ಟ ಅಳತೆಗೋಲು ಇಂದಿಗೂ ನಡೆಯುತ್ತಿದೆ. ಊರಿನ ದಾರಿ, ಬೀದಿ ದೀಪ, ಸಾಕ್ಷಿಯ ಮನೆ ಮತ್ತು ಘಟನಾ ಸ್ಥಳದ ನಡುವಿನ ಅಂತರ ಗೊತ್ತಿರುವುದು ಆರೋಪಿಗೇ ಹೊರತು ವಕೀಲರಿಗಲ್ಲ. ಪಾಟೀಸವಾಲಿನ ಮುನ್ನಾ ದಿನ ಸಾಕ್ಷಿಗಳ ಹೇಳಿಕೆಗಳನ್ನು ಇಬ್ಬರೂ ಕೂತು ಓದಿದಲ್ಲಿ ಪ್ರಶ್ನೆಗಳು ಮೊನಚಾಗುತ್ತವೆ.

ಪ್ರಾಸಿಕ್ಯೂಷನ್ ಸಾಕ್ಷ್ಯ ಮುಗಿದ ಮೇಲೆ ನಾಗರಿಕ ಸುರಕ್ಷಾ ಸಂಹಿತೆಯ 351ನೇ ಕಲಮಿನಡಿ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನಿಸುತ್ತಾರೆ. ಇದಕ್ಕೆ ಪ್ರಮಾಣವಚನವಿಲ್ಲ, ಉತ್ತರಿಸದಿದ್ದರೆ ಶಿಕ್ಷೆಯಿಲ್ಲ, ಆದರೆ ತನ್ನ ಮಾತನ್ನು ದಾಖಲೆಗೆ ತರಲು ಸಿಗುವ ಒಳ್ಳೆಯ ಅವಕಾಶವಿದು. ಎಲ್ಲ ಪ್ರಶ್ನೆಗೂ ಸುಳ್ಳು ಎಂದಷ್ಟೇ ಹೇಳಿ ಅದನ್ನು ಕಳೆದುಕೊಳ್ಳುವುದು ನಮ್ಮ ನ್ಯಾಯಾಲಯಗಳಲ್ಲಿ ಬಹಳ ಸಾಮಾನ್ಯ. ಶಿಕ್ಷೆಯಾದರೆ ಮೇಲ್ಮನವಿಗೆ ಸೆಷನ್ಸ್ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ 30 ದಿನ, ಹೈಕೋರ್ಟಿನಲ್ಲಿ 60 ದಿನಗಳ ಗಡುವಿದೆ. ಇಷ್ಟೆಲ್ಲದರ ನಡುವೆ ಆರೋಪಿಯ ಮೊದಲ ಕರ್ತವ್ಯವೆಂದರೆ ತಾರೀಖಿಗೆ ತಪ್ಪದೆ ಹಾಜರಾಗುವುದು, ಆಗದಿದ್ದರೆ ವಕೀಲರ ಮೂಲಕ ಮೊದಲೇ ವಿನಾಯಿತಿ ಅರ್ಜಿ ಹಾಕಿಸುವುದು. ತಪ್ಪಿದರೆ ಜಾಮೀನುರಹಿತ ವಾರಂಟ್ ಹೊರಟು, ಗೆಲ್ಲಬಹುದಾಗಿದ್ದ ಪ್ರಕರಣದಲ್ಲಿಯೂ ಜೈಲು ಸೇರಬೇಕಾಗುತ್ತದೆ.

ಉಳಿದಿರುವ ಕೊರತೆ

ಕಾನೂನಿನ ಪಠ್ಯವನ್ನು ನೋಡಿದರೆ ಭಾರತದ ಆರೋಪಿಗೆ ರಕ್ಷಣೆಗಳ ಕೊರತೆಯಿಲ್ಲ. ಕೊರತೆಯಿರುವುದು ಆ ರಕ್ಷಣೆಗಳು ಅವನನ್ನು ತಲುಪುವ ದಾರಿಯಲ್ಲಿ. ದೋಷಾರೋಪವನ್ನು ಓದಿ ವಿವರಿಸಬೇಕೆಂಬ ವಿಧಿ ಒತ್ತಡದ ನಡುವೆ ಎರಡು ನಿಮಿಷದ ಶಾಸ್ತ್ರವಾಗುತ್ತದೆ. ಕೈಗೆ ಕೊಟ್ಟ ನೂರಾರು ಪುಟಗಳ ಕಡತವನ್ನು ಯಾರೂ ಆರೋಪಿಗೆ ಓದಿ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ನಡೆಯುವ ವಾದದ ಸಾರ ಅವನ ಕಿವಿಗೆ ಬೀಳುವುದಿಲ್ಲ. ಕರ್ನಾಟಕದ ಚಾರ್ಜ್‌ಶೀಟುಗಳು ಬಹುಪಾಲು ಕನ್ನಡದಲ್ಲಿಯೇ ಇರುವುದು ಒಂದು ಅನುಕೂಲ, ಆದರೆ ಆ ಕನ್ನಡವನ್ನು ಜನರ ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ವಕೀಲರದೇ. ಪ್ರತಿ ಕಲಮಿನ ಅಂಶಗಳನ್ನೂ ಗರಿಷ್ಠ ಶಿಕ್ಷೆಯನ್ನೂ ಮುಂದಿನ ಹಂತಗಳನ್ನೂ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡುವ ಪದ್ಧತಿಯನ್ನು ಕಾನೂನು ಸೇವೆಗಳ ಪ್ರಾಧಿಕಾರಗಳು ಮತ್ತು ವಕೀಲರ ಸಂಘಗಳು ರೂಢಿಗೆ ತರಬೇಕು. ಪೊಲೀಸ್ ನೋಟಿಸ್ ಕೈಗೆ ಬಂದವರು, ಅಥವಾ ತಮ್ಮವರೊಬ್ಬರು ಬಂಧಿತರಾದರೆಂದು ತಿಳಿದವರು, ಊರಿನ ಮಧ್ಯವರ್ತಿಯನ್ನು ಹುಡುಕುವ ಮೊದಲು ಎಫ್‌ಐಆರ್ ಪ್ರತಿಯನ್ನು ಪಡೆದು ಅದೇ ದಿನ ಒಬ್ಬ ವಕೀಲರನ್ನು ಕಾಣಬೇಕು. ಶುಲ್ಕಕ್ಕೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ತಮ್ಮ ಹಕ್ಕಿನ ನೆರವನ್ನು ಕೇಳಿ ಪಡೆಯಬೇಕು.